ಸೋಮಶೇಖರಪ್ಪನ ಗಂಟಲು

೧೧ ಸೆಪ್ಟೆಂಬರ್ ೨೦೦೫, ಭಾನುವಾರ

ಕಲ್ಯಾಣದುರ್ಗದ ಗಣಪತಿ ಪೆಂಡಾಲಿನ ಕಾರ್ಯಕ್ರಮ ಮುಗಿಸಿ ಬಂದೆ. ಜನ ನಕ್ಕಿದ್ದೇನೋ ನಕ್ಕರು, ನನಗೆ ಮಾತ್ರ ಮೈಯೆಲ್ಲ ಉರಿ. ಕಾರಣ ಓಬುಳೇಶ. ದಿನವಿಡೀ ಹಿಂದೂಪುರದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸುಗಳ ಹೆಸರು ಕೂಗಿ ಗಂಟಲು ಹರಿದುಕೊಳ್ಳುವವನು ನಾನು. ರಜೆ ಹಾಕಿ, ಪಾವಗಡದ ಮೇಲೆ ಹೋಗುವ ಬಸ್ಸಿನಲ್ಲಿ ಸೊಂಟ ಮುರಿದುಕೊಂಡು ಹೋದವನೂ ನಾನು. ಕಂಬದೂರಿನಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟುಕೊಂಡು, ಕೂತಲ್ಲೇ ಹಾಸ್ಯ ಬರೆಯುವ ಅವನಿಗೇನು? ಬರೆಯುವುದು ಅವನು, ಧ್ವನಿ ನನ್ನದು ಅಂತ ಮೊದಲಿನಿಂದ ಒಪ್ಪಂದ. ಇವತ್ತು ಅದನ್ನೂ ಮುರಿದ.

ಜಲ್ಲಿ ಕ್ರಷರ್ ಕಂಟ್ರಾಕ್ಟರ್ ಸೋಮಶೇಖರಪ್ಪನವರ ಅಣಕು ಮಾಡುವುದು ಅಂತ ತೀರ್ಮಾನವಾಗಿತ್ತು. ಗುರುಗಳು ಉಜ್ಜಿನಪ್ಪನವರು ಕಲಿಸಿದ ಹಾಗೆ ಮುಂಚೆಯೇ ಅವರ ಮನೆಗೆ ಹೋಗಿ, ಎಲೆ ಅಡಿಕೆ ಇಟ್ಟು, "ನಿಮ್ಮ ಹಂಗೆ ಮಾತಾಡ್ತೀನಿ, ಅಪ್ಪಣೆ ಕೊಡ್ಬೇಕು" ಅಂದಿದ್ದೆ. ಊರಿನ ಯಾರದೇ ಧ್ವನಿ ತೆಗೆಯಲಿ, ವೀಳ್ಯ ಕೊಡದೆ ನಾನು ಬಾಯಿ ತೆರೆದವನಲ್ಲ. ಅವರು ಒಂದು ಎಲೆ ಎತ್ತಿಕೊಂಡು, "ಮಾಡು ನಾಯನಾ, ಪಾಪ, ಜನ ನಗ್ಲಿ" ಅಂದರು.

ಅವರ ಮಾತೇ ಹಾಗೆ. ಬೆಣ್ಣೆ. ಯಾರನ್ನೇ ಆಗಲಿ ನಾಯನಾ, ಅಂದರೆ ಅಪ್ಪಾ, ಅನ್ನುತ್ತಾರೆ, ಯಾರ ಹೆಸರು ಬಂದರೂ ಮುಂದೊಂದು ಪಾಪ, ಕೊನೆಗೊಂದು "ಚೂಸ್ಕುಂದಾಂ ಲೇ", ಅಂದರೆ ನೋಡಿಕೊಳ್ಳೋಣ ಬಿಡು, ಆಮೇಲೆ ಒಂದು ಸಣ್ಣ ಕೆಮ್ಮು. ಆ ಸೀಮೆಯಲ್ಲಿ ಆ ಧ್ವನಿ ಗೊತ್ತಿಲ್ಲದವರಿಲ್ಲ. ನಾನು ಬಾಯಿ ತೆರೆದ ಕೂಡಲೇ ಶಿಳ್ಳೆ ಬಿತ್ತು. ಮುಂದಿನ ಕುರ್ಚಿಯಲ್ಲಿ ಅವರೂ ಹೊಟ್ಟೆ ಹಿಡಿದು ನಕ್ಕರು.

ಅಷ್ಟಕ್ಕೇ ಬಿಡಬೇಕೋ ಬೇಡವೋ? ಓಬುಳೇಶ ನನ್ನ ಕೈಯಿಂದ ಮೈಕ್ ಕಿತ್ತುಕೊಂಡು, "ಕ್ರಷರ್‌ನಾಗೆ ಸತ್ತ ಕೂಲಿ ಕೊಂಡಪ್ಪ ಕುಡುದು ಬಿದ್ದ ಅಂತ ಇವ್ರು ಪೊಲೀಸ್ರ ತಾವ ಬರೆಸವ್ರೆ. ನಿಜ ಕಣ್ರಪ್ಪಾ. ಕೊಂಡಪ್ಪ ದಿನಾ ಕುಡೀತಿದ್ದ. ಇವ್ರ ಕ್ರಷರ್ ಧೂಳು!" ಅಂದ. ಹಿಂದೆ ನಿಂತವರು ನಕ್ಕರು. ಮುಂದೆ ಕೂತವರು ತಲೆ ತಗ್ಗಿಸಿದರು. ಸೋಮಶೇಖರಪ್ಪನವರ ನಗು ಮಾತ್ರ ಹಾಗೇ ಇತ್ತು, ಒಂದಿಷ್ಟೂ ಕುಗ್ಗಲಿಲ್ಲ.

ಆಮೇಲೆ ಟೀ ಅಂಗಡಿಯಲ್ಲಿ ಓಬುಳೇಶನಿಗೆ ಛೀಮಾರಿ ಹಾಕಿದೆ. "ಹಾವೂ ಸಾಯಬಾರದು, ಕೋಲೂ ಮುರೀಬಾರದು, ಅದು ಕಣೋ ಅಣಕು. ನಿನ್ನದು ಅಣಕಲ್ಲ" ಅಂದೆ.

"ಅಲ್ಲವೇ ಅಲ್ಲ ಕಣ್ಲಾ" ಅಂದ ಅವನು, ಬನ್ನು ಅದ್ದಿಕೊಂಡು. "ನೀನು ಅವ್ನು ನಡ್ಯೋ ಹಂಗೆ ನಡೀತೀಯ. ನಾನು ಅವ್ನು ಎಲ್ಲಿಗೆ ನಡೀತಾವ್ನೆ ಅಂತ ಹೇಳ್ತೀನಿ. ನಿಂದು ಅಣಕು, ನಂದು ವಿಡಂಬನೆ. ನಿಂದಕ್ಕೆ ಅವ್ನೂ ನಗ್ತಾನೆ."

"ನಗಲಿ! ನಗಿಸೋಕೆ ತಾನೇ ಬಂದಿರೋದು?"

"ಅವ್ನು ನಕ್ಕಾಗ ನಂಗ್ಯಾಕೋ ಭಯ ಆಯ್ತದೆ" ಅಂದ. ನಾನು ಟೀ ದುಡ್ಡು ಕೊಟ್ಟು ಎದ್ದೆ. ಇವನ ಜತೆ ಇನ್ನು ವೇದಿಕೆ ಹತ್ತುವುದಿಲ್ಲ.

೧೫ ಸೆಪ್ಟೆಂಬರ್, ಗುರುವಾರ

ಪೆನುಕೊಂಡದ ಬಸ್ಸು ಕೂಗುತ್ತಿದ್ದೆ. ಒಂದು ಬಿಳಿ ಜೀಪು ಬಂದು ನಿಂತಿತು. ಸೋಮಶೇಖರಪ್ಪನವರ ತಂಗಿಯ ಮಗ ವಂಶಿ ಇಳಿದ. ಸುಳ್ಳೇಕೆ, ಓಬುಳೇಶನ ಪಾಪಕ್ಕೆ ನನಗೆ ಏಟು ಅಂದುಕೊಂಡೆ. ಆದರೆ ವಂಶಿ ಶಾಲು ಕೊಟ್ಟ! "ಮಾವಯ್ಯ ಪಂಪಿಂಚಿನಾಡು, ಮಾವಯ್ಯನೇ ಕಳಿಸವ್ರೆ. ನಿನ್ನ ಗಂಟ್ಲು ಬಾಳ ಮೆಚ್ಚವ್ರೆ ಅಣ್ಣ. ಬರಬೇಕಂತೆ ಒಂದ್ಸಾರಿ."

ಕಲೆಗೆ ಬೆಲೆ ಕೊಡುವವರು ಇನ್ನೂ ಇದ್ದಾರೆ. ನನ್ನ ಹೆಂಡತಿ ಮೀನಾ ಶಾಲನ್ನು ಮುಟ್ಟಲೂ ಇಲ್ಲ. ಅವಳಿಗೆ ಮೊದಲಿನಿಂದಲೂ ಎಲ್ಲದರಲ್ಲೂ ಅನುಮಾನ.

೨ ಅಕ್ಟೋಬರ್, ಭಾನುವಾರ

ಕಲ್ಯಾಣದುರ್ಗಕ್ಕೆ ಹೋಗಿದ್ದೆ. ಮಹಡಿ ಮೇಲೆ ಒಬ್ಬರೇ ಕೂತಿದ್ದರು, ಕೊರಳಿಗೆ ಮಫ್ಲರ್ ಸುತ್ತಿಕೊಂಡು. ಗಂಟಲಲ್ಲಿ ಏನೋ ಗಂಟು ಆಗಿದೆಯಂತೆ. ಮಾತಾಡಲೇಬಾರದು ಅಂತ ಬೆಂಗಳೂರಿನ ಡಾಕ್ಟರು ಕಟ್ಟಪ್ಪಣೆ ಮಾಡಿದ್ದಾರಂತೆ. ವಿಷಯ ಹೊರಗೆ ಹೋಗಬಾರದು. ದೊಡ್ಡವರ ಗಂಟಲು ಕಟ್ಟಿತು ಅಂತ ಗೊತ್ತಾದರೆ ನಾಳೆಯಿಂದ ಕೂಲಿಯವನೂ ಎದುರು ನಿಂತು ಮಾತಾಡುತ್ತಾನೆ ಅಂತ ವಂಶಿ ವಿವರಿಸಿದ. ಅವರು ಗಾಳಿಯಂಥ ಪಿಸುದನಿಯಲ್ಲಿ, "ಕೆಲವು ದಿನ ಫೋನು ನೀನು ಎತ್ಕೋ ನಾಯನಾ. ಏನು ಹೇಳ್ಬೇಕೋ ನಾನು ಹೇಳ್ಕೊಡ್ತೀನಿ" ಅಂದರು.

ನನಗೆ ನಗು ಬಂತು. ಇಂಥ ಸ್ಕಿಟ್ ಬರೆದುಕೊಟ್ಟರೂ ಯಾರೂ ನಂಬುವುದಿಲ್ಲ. ಪಕ್ಕದಲ್ಲಿ ಕೂತು ಒಂದು ಕರೆ ಎತ್ತಿದೆ. ಬೆಳುಗುಪ್ಪದ ಯಾರೋ ಡೀಸೆಲ್ ಅಂಗಡಿಯವನು. "ಪಾಪ, ನಿಂಗೂ ಕಷ್ಟ ಐತೆ. ಚೂಸ್ಕುಂದಾಂ ಲೇ" ಅಂದೆ, ಕೆಮ್ಮಿದೆ. ಆ ಕಡೆಯವನು "ತಪ್ಪಾಯ್ತು ಸ್ವಾಮಿ, ನಾಳೆನೇ ಕಳಿಸ್ತೀನಿ" ಅಂತ ನಡುಗಿಬಿಟ್ಟ! ಸೋಮಶೇಖರಪ್ಪನವರು ಕಣ್ಣಲ್ಲೇ ನಕ್ಕರು. ಒಂದು ಸೆಲ್‌ಫೋನ್ ಕೊಟ್ಟು ಕಳಿಸಿದ್ದಾರೆ. ಹಿಂದೂಪುರದಲ್ಲಿದ್ದೇ ಮಾತಾಡಬಹುದು.

ಮಾತು ಅವರದು, ಧ್ವನಿಯಷ್ಟೇ ನನ್ನದು. ಬಸ್ಸಿನ ಹೆಸರು ಕೂಗಿದಷ್ಟಕ್ಕೆ ಬಸ್ಸು ನನ್ನದಾಗುತ್ತದೆಯೇ?

೧೩ ಅಕ್ಟೋಬರ್, ಗುರುವಾರ

ದಸರಾ ಮುಗಿಯಿತು. ಫೋನೋ ಫೋನು. ಬಸ್‌ಸ್ಟ್ಯಾಂಡಿಗೆ ರಜೆ ಹಾಕಿದ್ದೇನೆ. ಸೂಪರ್‌ವೈಸರ್ ಏನೋ ಗೊಣಗಿದ. "ಪಾಪ, ನಿಂಗೂ ಮೇಲಿನೋರ ಕಾಟ" ಅಂದೆ ಅಷ್ಟೇ, ಸುಮ್ಮನೆ ಸಹಿ ಹಾಕಿಕೊಟ್ಟ. ಮೆತ್ತಗೆ ಮಾತಾಡಿದರೆ ಕೆಲಸ ಎಷ್ಟು ಸಲೀಸು! ಇಷ್ಟು ವರ್ಷ ಸುಮ್ಮನೆ ಕಿರುಚಿಕೊಂಡು ಸತ್ತೆ.

ಸಂಜೆ ಮಗಳು ಕೀರ್ತನಾ ತೊಡೆ ಮೇಲೆ ಕೂತು ಒಂದೊಂದೇ ಧ್ವನಿ ಮಾಡಿಸಿದಳು. ಕೋಳಿ ಮಾಡು ಅಂದಳು, ಮಾಡಿದೆ. ಬಸ್ಸು ಮಾಡು ಅಂದಳು, ಮಾಡಿದೆ. ಸ್ಕೂಲ್ ಮೇಷ್ಟರು ಆಯಿತು. ಆಮೇಲೆ ನನ್ನ ಮುಖ ನೋಡಿ, "ಈಗ ಅಪ್ಪ ಮಾಡು" ಅಂದಳು.

ಮಕ್ಕಳು! ನಗುತ್ತಾ "ನಾನೇ ಅಪ್ಪ ಅಲ್ಲವೇನಮ್ಮ" ಅಂದೆ. "ಹಂಗಲ್ಲ, ಮುಂಚೆ ಮಾಡ್ತಿದ್ದೆಯಲ್ಲ, ಅದು" ಅಂತ ಹಟ ಹಿಡಿದಳು. ಮೀನಾ ಅವಳನ್ನು ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಯಾಕೆ ಹಾಕಿಕೊಂಡಳೋ.

೨೪ ಅಕ್ಟೋಬರ್, ಸೋಮವಾರ

ಇವತ್ತಿನದು ಸ್ವಲ್ಪ ಭಾರದ ಕರೆ. ಆ ಕೊಂಡಪ್ಪನ ಹೆಂಡತಿ ಉಡುಸಲಮ್ಮ ಪೊಲೀಸರಿಗೆ ಕಾಗದ ಕೊಟ್ಟಿದ್ದಾಳಂತೆ, ಗಂಡ ಕುಡಿದು ಬಿದ್ದದ್ದಲ್ಲ, ಕ್ರಷರಿನ ಬೆಲ್ಟಿಗೆ ಸಿಕ್ಕಿ ಸತ್ತದ್ದು ಅಂತ. ವಾಪಸ್ ತೆಗೆದುಕೊಳ್ಳುವ ಹಾಗೆ ಹೇಳಬೇಕಿತ್ತು. ಏನು ಹೇಳಬೇಕು ಅಂತ ವಂಶಿಯನ್ನು ಕೇಳಿದರೆ, "ಮಾವಯ್ಯ ಮಲಗವ್ರೆ, ನಿಂಗೇ ಗೊತ್ತಲ್ಲಣ್ಣ" ಅಂದ.

ನಿಜ, ಈಗೀಗ ಕೇಳುವ ಅಗತ್ಯವೇ ಬೀಳುವುದಿಲ್ಲ. ಅವರ ಊರಿನ ಅಂಗಡಿ ಫೋನಿಗೆ ಕರೆಸಿ ಮಾತಾಡಿದೆ. "ತಾಯಿ, ಪಾಪ, ಕೊಂಡಪ್ಪ ಒಳ್ಳೆಯೋನು. ನಿಂಗೆ ಇಬ್ರು ಗಂಡು ಮಕ್ಳು. ದಿನಾ ರಸ್ತೆ ದಾಟಿ ಸ್ಕೂಲಿಗೆ ಹೋಯ್ತಾರೆ. ನಮ್ಮ ಲಾರಿ ಡ್ರೈವರ್‌ಗಳು ಹುಚ್ಚುಮುಂಡೇವು, ನೋಡ್ಕಂಡು ಓಡ್ಸಲ್ಲ. ಅದೇ ನಂಗೆ ಯೋಚ್ನೆ" ಅಂದೆ.

"ಆಗ್ಲಿ ಸ್ವಾಮಿ" ಅಂದಳು ಉಡುಸಲಮ್ಮ.

ಒಂದು ಕೆಟ್ಟ ಮಾತಿಲ್ಲ, ಬೈಗುಳವಿಲ್ಲ. ಮಕ್ಕಳ ಕ್ಷೇಮ ವಿಚಾರಿಸಿದ್ದು. ಲಾರಿಯ ಮಾತು ನನಗೆ ಹೇಗೆ ಹೊಳೆಯಿತು ಅಂತ ವಂಶಿಗೂ ಆಶ್ಚರ್ಯ. "ಮಾವಯ್ಯಗೂ ಹಿಂಗೆ ಬರ್ತಿರ್ಲಿಲ್ಲ" ಅಂದ.

೧ ನವೆಂಬರ್, ಮಂಗಳವಾರ

ದೀಪಾವಳಿ. ಕರೆಯದೇ ಬಂದ ಓಬುಳೇಶ, ಮೀನಾಗೆ ಹೋಳಿಗೆ, ಮಗುವಿಗೆ ಸುರ್‌ಸುರ್‌ಬತ್ತಿ ತಂದಿದ್ದ. ಹಬ್ಬದ ದಿನ ಜಗಳ ಬೇಡ ಅಂತ ಕೂರಿಸಿದೆ. ಉಡುಸಲಮ್ಮನ ವಿಷಯ ಅವನೇ ಎತ್ತಿದ.

"ಆ ಯಮ್ಮ ಅನ್ನ ಬಿಟ್ಟವ್ಳೆ ಕಣೋ. ಮಕ್ಳನ್ನ ಸ್ಕೂಲು ಬಿಡಿಸ್ಬುಟ್ಟವ್ಳೆ. ಸೋಮಶೇಖರಪ್ಪನೇ ಫೋನ್ ಮಾಡಿ ಹೆದ್ರಿಸಿದ್ನಂತೆ. ಅವ್ನಿಗೋ ಗಂಟ್ಲು ಸತ್ತು ತಿಂಗ್ಳಾಯ್ತು ಅಂತ ಅವ್ನ ಅಡುಗೆಯವ್ಳು ಮುನಿಯಕ್ಕನೇ ನಂಗೆ ಹೇಳವ್ಳೆ." ನನ್ನನ್ನೇ ನೋಡಿದ. "ಯಾರ್ಲಾ ಮಾತಾಡಿದ್ದು?"

"ನನಗೇನು ಗೊತ್ತು ನಾಯನಾ" ಅಂದೆ.

ಅವನ ಮುಖ ಬಿಳಿಚಿಕೊಂಡಿತು. "ಅಣಕು ಅಂದ್ರೆ ಕೋಲೂ ಮುರೀಬಾರ್ದು ಅಂದ್ಯಲ್ಲ. ಈಗ ನೀನೇ ಅವ್ನ ಕೋಲಾಗಿದ್ದೀಯ" ಅಂದ. "ವಿಡಂಬನೆ ಮಾಡೋನು ಅವ್ನಿಂದ ಒಂದು ಮಾರು ದೂರ ನಿಂತ್ಕಂಡಿರ್ತಾನೆ ಮುರಳಿ, ಹೊಡೀಬೇಕಲ್ಲ. ನೀನು ಅವ್ನ ಚರ್ಮದೊಳ್ಗೇ ಹೊಕ್ಕಂಡ್ಯಲ್ಲೋ. ಬಂದ್ಬುಡೋ ಈಚೆಗೆ!" ಕೂಗಿಬಿಟ್ಟ. ಬೀದಿಯವರೆಲ್ಲ ತಿರುಗಿ ನೋಡಿದರು.

ಎರಡನೇ ಕಾರ್ತೀಕ ಸೋಮವಾರ, ಹದಿನಾಲ್ಕನೇ ತಾರೀಕು, ಕಲ್ಯಾಣದುರ್ಗದ ಮಂಡಲ ಆಫೀಸಿನ ಮುಂದೆ ಕ್ರಷರ್ ಸುತ್ತಲಿನ ಊರವರು ಧರಣಿ ಕೂರುತ್ತಾರಂತೆ. ಉಡುಸಲಮ್ಮನೂ ಬರುತ್ತಾಳಂತೆ. ತನ್ನದೇ ಮೈಕ್ ಕಟ್ಟಿ, ಹೆಸರು ಹಿಡಿದೇ ಎಲ್ಲ ಆಡುತ್ತಾನಂತೆ. "ನನ್ನ ಧ್ವನಿ ಕಾಗೆ ಧ್ವನಿ. ಆದ್ರೂ ನಂದೇ" ಅಂತ ಹೇಳಿ ಹೋದ. ಪಾಪ, ಓಬುಳೇಶನಿಗೆ ಲೋಕಜ್ಞಾನ ಕಡಿಮೆ. ನೋಡಿಕೊಂಡರಾಯಿತು ಬಿಡು.

೩ ನವೆಂಬರ್

ಮೀನಾ ಮಗುವನ್ನು ಕರೆದುಕೊಂಡು ಮಡಕಶಿರಾದ ತಾಯಿಮನೆಗೆ ಹೋದಳು. ಹೋಗುವಾಗ, "ನೀವು ಬಯ್ಯಿರಿ, ಕೂಗಾಡ್ರಿ, ಹೊಡೀರಿ ಬೇಕಾದ್ರೆ. ಹಿಂಗೆ ಮೆತ್ತಗೆ ಮಾತ್ರ ಮಾತಾಡಬ್ಯಾಡ್ರಿ" ಅಂದಳು. "ಹೋಗಿ ಬಾ ತಾಯಿ" ಅಂದೆ.

ಮನೆ ನಿಶ್ಶಬ್ದವಾಗಿದೆ. ಒಳ್ಳೆಯದೇ, ಫೋನಿಗೆ ಅನುಕೂಲ.

೧೨ ನವೆಂಬರ್, ಶನಿವಾರ

ಕಲ್ಯಾಣದುರ್ಗದಿಂದ ಈಗ ಬಂದೆ.

ಅವರ ಮಹಡಿಗೆ ಹೋಗಿದ್ದೆ. ಸೋಮಶೇಖರಪ್ಪನವರಿಗೆ ಈಗ ಪಿಸುದನಿಯೂ ಇಲ್ಲ, ಕಣ್ಣು, ಕೈ ಅಷ್ಟೇ. ವಂಶಿ ಮತ್ತು ನನಗೆ ಗೊತ್ತಿಲ್ಲದ ಇಬ್ಬರು ಇದ್ದರು. ಓಬುಳೇಶನ ಮಾತು ಬಂತು. ಸೋಮವಾರ ಬೆಳಿಗ್ಗೆ ಯಾವ ಬಸ್ಸಿಗೆ ಬರುತ್ತಾನೆ, ಎಲ್ಲಿ ಇಳಿಯುತ್ತಾನೆ, ಆಟೋ ಯಾರದು, ಎಲ್ಲ ಮಾತಾಡಿಕೊಂಡರು. ವಂಶಿ ಅವರ ಕಡೆ ತಿರುಗಿ, "ಏನ್ಮಾಡಾನ ಮಾವಯ್ಯ?" ಅಂದ. ಅವರು ನನ್ನ ಕಡೆ ಕೈ ತೋರಿಸಿದರು.

ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಒಂದು ಮಾತಷ್ಟೇ ಬಂತು. "ಚೂಸ್ಕುಂದಾಂ ಲೇ" ಅಂದೆ. ಆಗಲ್ಲ ಅಂತಲೇ ಹೇಳಬೇಕು ಅಂದುಕೊಂಡಿದ್ದೆ, ದೇವರಾಣೆ. ಅವರಿಬ್ಬರೂ ಎದ್ದು ಕೈಮುಗಿದು ಹೊರಟುಹೋದರು, ಅಪ್ಪಣೆ ಸಿಕ್ಕವರ ಹಾಗೆ.

ಅಯ್ಯೋ, ಓಬುಳೇಶನನ್ನು ಇವರು ಬಿಡುವುದಿಲ್ಲ. ಅವನಿಗೆ ಹೇಳಬೇಕು. ನಾಳೆ ಬೆಳಿಗ್ಗೆಯೇ ಹೇಳಬೇಕು.

೧೩ ನವೆಂಬರ್, ಭಾನುವಾರ

ಅವರು ಕೊಟ್ಟ ಸೆಲ್‌ಫೋನ್ ಬೇಡ ಅಂತ ಪೇಟೆ ಬೀದಿಯ ಕಾಯಿನ್ ಬಾಕ್ಸ್ ಫೋನಿನಿಂದ ಓಬುಳೇಶನಿಗೆ ಮಾಡಿದೆ. ಅಂಗಡಿಯಲ್ಲೇ ಇದ್ದ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

"ಓಬುಳೇಶ, ನಾಳೆ ಬರಬ್ಯಾಡ" ಅಂದೆ.

ಆ ಕಡೆ ಅವನು ಜೋರಾಗಿ ನಕ್ಕ. "ಓಹೋ, ದೊಡ್ಡೋರು! ಬಂದ್ಬುಡ್ತಲ್ಲಪ್ಪ ಗಂಟ್ಲು!"

"ನಾನು ಕಣೋ, ಮುರಳಿ."

"ಅದು ಗೊತ್ತು ಬಿಡ್ಲಾ. ಅವ್ನು ನಿನ್ ಕೈಲಿ ಫೋನ್ ಮಾಡ್ಸವ್ನೆ, ಹೆದ್ರಿಸೋಕೆ. ಉಡುಸಲಮ್ಮಂಗೆ ಮಾಡ್ಸಿದ್ನಲ್ಲ ಹಂಗೆ."

"ಇಲ್ಲ ಕಣೋ, ಇದು ಅವರು ಹೇಳಿದ್ದಲ್ಲ. ಬಸ್‌ಸ್ಟ್ಯಾಂಡಿನಲ್ಲೇ ಕಾಯ್ತಾರೆ, ಆಟೋ ಹತ್ತಬ್ಯಾಡ, ಮನೇಲೇ ಇರು ನಾಯನಾ."

"ನೋಡು, ನೋಡು, ನಾಯನಾ ಅಂತೆ!" ಮತ್ತೆ ನಕ್ಕ, ಆದರೆ ಈ ಸಲ ಆ ನಗುವಿನಲ್ಲಿ ಅಳು ಇತ್ತು. "ಮುರಳಿ, ಒಂದು ಮಾತು ಕೇಳು. ನೀನು ನಿನ್ ಗಂಟ್ಲಾಗೆ ಒಂದ್ಸಾರಿ ಹೇಳ್ಬುಡು, ಬರಬ್ಯಾಡ ಅಂತ. ನಮ್ಮವ್ವನಾಣೆ, ನಾನು ಬರಲ್ಲ. ಮನೇಲೇ ಬಿದ್ದಿರ್ತೀನಿ. ಅವ್ನಾಗಿ ಹೇಳಿದ್ರೆ ಮಾತ್ರ ಬಂದೇ ಬತ್ತೀನಿ."

ನಾನು ನನ್ನ ಗಂಟಲಿನಲ್ಲೇ ಮಾತಾಡುತ್ತಿದ್ದೆ.

ಗಂಟಲು ಸರಿಮಾಡಿಕೊಂಡು ಮತ್ತೆ ಹೇಳಿದೆ. "ಇದೂ ಅವ್ನೇ" ಅಂದ. ಇನ್ನೊಂದು ರೂಪಾಯಿ ಹಾಕಿ, ಗಟ್ಟಿಯಾಗಿ ಕಿರುಚಿ ಹೇಳಿದೆ. "ಅವ್ನು ಕೂಗಿದ್ರೆ ಹಿಂಗಿರುತ್ತೆ ಅಂತ ಈಗ್ಲೇ ಗೊತ್ತಾಗಿದ್ದು" ಅಂದ. ಬಸ್ಸಿನ ಹೆಸರು ಕೂಗುತ್ತೇನೆ, ಆಗ ಬರುತ್ತದೆ ಅಂತ ಪೆನುಕೊಂಡ, ಗೋರಂಟ್ಲ, ಲೇಪಾಕ್ಷಿ ಅಂತ ಕೂಗಿದೆ. ಪೆಟ್ಟಿಗೆ ಅಂಗಡಿಯವನು ಕತ್ತು ಚಾಚಿ ನೋಡಿದ. ಚಿಕ್ಕಂದಿನಲ್ಲಿ ಇಬ್ಬರೂ ಪೆನುಕೊಂಡದ ಕೋಟೆ ಹತ್ತಿ ಕೂಗಾಡಿದ್ದನ್ನು ನೆನಪು ಮಾಡಿಕೊಂಡೆ. ಆಗ ಹೇಗೆ ಕೂಗುತ್ತಿದ್ದೆ? ಹುಡುಕಿದೆ, ಹುಡುಕಿದೆ, ಎಲ್ಲೂ ಸಿಗಲಿಲ್ಲ. ಸೂಪರ್‌ವೈಸರನ ಧ್ವನಿ ಸಿಕ್ಕಿತು, ಗುರುಗಳ ಧ್ವನಿ ಸಿಕ್ಕಿತು, ಓಬುಳೇಶನ ಕಾಗೆ ಧ್ವನಿಯೇ ಸಿಕ್ಕಿತು. ನನ್ನದೊಂದು ಬಿಟ್ಟು.

"ಆಯ್ತು ಬಿಡು ಮುರಳಿ" ಅಂದ ಕೊನೆಗೆ, ಸಮಾಧಾನ ಮಾಡುವವನ ಹಾಗೆ. "ನಾಳೆ ಸಿಗ್ತೀನಲ್ಲ, ಎದುರೆದುರೇ ಬಯ್ಯುವಂತೆ." ಇಟ್ಟುಬಿಟ್ಟ.

ಓಡಿ ಹೋಗಿ ಬಸ್ಸು ಹತ್ತಬೇಕಿತ್ತು. ಹತ್ತಿದ್ದರೆ ಸಂಜೆಯೊಳಗೆ ಕಂಬದೂರಿನಲ್ಲಿರುತ್ತಿದ್ದೆ, ಮುಖ ನೋಡಿದ್ದರೆ ನಂಬುತ್ತಿದ್ದ. ಬಸ್‌ಸ್ಟ್ಯಾಂಡಿನವರೆಗೂ ಹೋದೆ. ಜೇಬಿನಲ್ಲಿ ಸೆಲ್‌ಫೋನ್ ಹೊಡೆದುಕೊಂಡಿತು. ಎತ್ತಿದೆ. ಯಾರೋ ಏನೋ ಕೇಳಿದರು, ಏನೋ ಉತ್ತರ ಕೊಟ್ಟೆ, ಅಷ್ಟರಲ್ಲಿ ಬಸ್ಸು ಹೋಯಿತು. ಇನ್ನೊಂದಿತ್ತು. ಅದನ್ನೂ ಹತ್ತಲಿಲ್ಲ. ಹೆದರಿಕೆಯಾಯಿತು, ಅಷ್ಟೇ.

೧೪ ನವೆಂಬರ್

ಫೋನ್ ಬರಲಿಲ್ಲ. ಇಡೀ ದಿನ ಒಂದೂ ಬರಲಿಲ್ಲ.

೧೫ ನವೆಂಬರ್

ವಂಶಿ ಮಾಡಿದ್ದ. "ಮಾವಯ್ಯ ಖುಷಿಯಾಗವ್ರೆ" ಅಂದ. ಓಬುಳೇಶ ಎಲ್ಲಿ ಅಂದೆ. "ಯಾವ ಓಬುಳೇಶ ಅಣ್ಣ?" ಅಂದ.

೧೭ ನವೆಂಬರ್, ಗುರುವಾರ

ಕಂಬದೂರಿಗೆ ಹೋದೆ. ಬಸ್ಸಿನಲ್ಲೇ ಜನ ಆಡಿಕೊಳ್ಳುತ್ತಿದ್ದರು. ಓಬುಳೇಶ ಸೋಮವಾರ ಕಲ್ಯಾಣದುರ್ಗದಲ್ಲಿ ಇಳಿದದ್ದನ್ನು ಕಂಡವರಿದ್ದಾರೆ, ಆಟೋ ಹತ್ತಿದ್ದನ್ನು ಕಂಡವರಿದ್ದಾರೆ. ಮುಂಚೆಯೇ ಕಳಿಸಿದ್ದ ಮೈಕ್‌ಸೆಟ್ ಮಂಡಲ ಆಫೀಸಿನ ಮುಂದೆ ಬಂದು ಸೇರಿದೆ. ಅವನು ಬಂದಿಲ್ಲ. ಮಧ್ಯಾಹ್ನದವರೆಗೆ ಕಾದು, ಉಡುಸಲಮ್ಮ ಮೊದಲು ಎದ್ದು ಹೋದಳಂತೆ, ಆಮೇಲೆ ಒಬ್ಬೊಬ್ಬರೇ ಎಲ್ಲರೂ. ಆಟೋ ಯಾರದು ಅಂತ ಯಾರಿಗೂ ಗೊತ್ತಿಲ್ಲವಂತೆ.

ಅವನ ಮನೆ ಬಾಗಿಲು ತೆರೆದಿತ್ತು. ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಅವನ ತಾಯಿ ಪೆದ್ದಕ್ಕ ಒಳಗೆ ಒಲೆಯ ಹತ್ತಿರ ಏನೋ ಮಾಡುತ್ತಿದ್ದ ಸದ್ದು. ಚಿಕ್ಕಂದಿನಿಂದ ನನಗೆ ಅನ್ನ ಹಾಕಿದ ಕೈ ಅದು. ಹೊಸ್ತಿಲಲ್ಲಿ ನಿಂತು, "ಪೆದ್ದಕ್ಕಾ" ಅಂತ ಕೂಗಿದೆ.

ಒಳಗೆ ಪಾತ್ರೆ ಕೈಜಾರಿ ಬಿತ್ತು. ಆಮೇಲೆ ಅವಳ ಧ್ವನಿ, ಗೋಡೆಯ ಆಚೆಯಿಂದಲೇ, ಉಸಿರು ಕಟ್ಟಿಕೊಂಡು ಬಂತು. "ಬಂದ್ರಾ ಸ್ವಾಮಿ? ದೊಡ್ಡೋರೇ, ನಿಮ್ ಕಾಲಿಗೆ ಬೀಳ್ತೀನಿ. ನನ್ ಮಗಂಗೆ ಬಾಯಿ ಜೋರು, ಮನಸು ಕೆಟ್ಟದ್ದಲ್ಲ ಕಣಪ್ಪ. ಇನ್ಮೇಲೆ ಏನೂ ಅನ್ನಲ್ಲ, ನಾನು ಅನ್ನೋಕೆ ಬಿಡಲ್ಲ. ಬಿಟ್ಬುಡಿ ಸ್ವಾಮಿ, ಕೈನೋ ಕಾಲೋ ಮುರಿದಿದ್ರೂ ಸರಿ, ಮನೆಗೆ ಕಳಿಸ್ಬುಡಿ."

ಸೆರಗು ತಲೆ ಮೇಲೆ ಎಳೆದುಕೊಂಡು, ಬಗ್ಗಿ, ಕೈ ಮುಗಿದುಕೊಂಡೇ ಈಚೆ ಬಂದಳು. ನನ್ನ ಕಾಲ ಹತ್ತಿರ ಬಂದು, ತಲೆ ಎತ್ತಿ ನೋಡಿದಳು.

"ನೀನೇನಪ್ಪಾ ಮುರಳಿ?" ಅಂದಳು. ನನ್ನ ಬೆನ್ನ ಹಿಂದೆ ನೋಡಿದಳು. "ಅವ್ರೆಲ್ಲಿ? ಈಗ ಇಲ್ಲೇ ಮಾತಾಡಿದ್ರಲ್ಲ? ಎಲ್ಲಿ ಹೋದ್ರು?"

ಯಾರೂ ಇಲ್ಲಮ್ಮ, ನಾನೊಬ್ಬನೇ ಅನ್ನಬೇಕಿತ್ತು. ಬಾಯಿ ತೆರೆದವನು ಮುಚ್ಚಿಕೊಂಡೆ.

"ಹೇಳಪ್ಪಾ, ಎಲ್ಲಿ ಹೋದ್ರು?" ಅಂತ ನನ್ನ ತೋಳು ಹಿಡಿದು ಅಲುಗಾಡಿಸಿದಳು. ಅವಳು ನನ್ನನ್ನು ಬಿಟ್ಟು, ಹೊಸ್ತಿಲು ದಾಟಿ ಬೀದಿಗೆ ಇಳಿದಳು. ಮುಗಿದ ಕೈ ಮುಗಿದ ಹಾಗೆಯೇ, "ಸ್ವಾಮೀ, ಸ್ವಾಮೀ" ಅಂತ ಕೂಗುತ್ತಾ, ಬೀದಿಯ ಎರಡೂ ಕಡೆ ಅವರನ್ನು ಹುಡುಕುತ್ತಿದ್ದಳು.